ಮೂಗಿನ ಸ್ಪ್ರೇಗೊಂದು ಗಡಿಗೆ ಮನೆ

ರಾಯಚೂರಿನ ಮೇ ತಿಂಗಳು ಕಂಡವರಿಗೆ ನನ್ನ ಗೋಳು ಗೊತ್ತಾದೀತು. ಹೊರಗೆ 42 ಡಿಗ್ರಿ, ಫ್ಯಾನಿನ ಕೆಳಗೆ 37. ಅಲರ್ಜಿಯ ಸೀನಿಗೆಂದು ನಾನು ಮೂಗಿಗೆ ಹಾಕಿಕೊಳ್ಳುವ ಫ್ಲುಟಿಕಾಸೋನ್ ಸ್ಪ್ರೇ ಬಾಟಲಿಯ ಮೇಲೆ ನೋಡಿದರೆ 30 ಡಿಗ್ರಿ ದಾಟಬಾರದು, ಫ್ರೀಜ್ ಆಗಲೂಬಾರದು. ಇಡುವುದೆಲ್ಲಿ?

ಮೊದಲ ಬೇಸಿಗೆಗೇ ಮೂರು ಬಾಟಲಿ ಹಾಳು. ಒಂದಕ್ಕೆ 350ರ ಆಸುಪಾಸು, ಸಾವಿರ ರೂಪಾಯಿ ಹೊಳೆಗೆ. ಒಂದು ಸ್ಕೂಟರ್ ಡಿಕ್ಕಿಯಲ್ಲಿ ಮರೆತು ಮಧ್ಯಾಹ್ನವಿಡೀ ಬೆಂದಿತು. ಇನ್ನೊಂದನ್ನು ಫ್ರಿಜ್ಜಿನ ಹಿಂಬದಿಗೆ ತಳ್ಳಿದ್ದೆ, ಗಡ್ಡೆಕಟ್ಟಿತು. ಕರಗಿದ ಮೇಲೆ ಎಷ್ಟು ಅಲುಗಾಡಿಸಿದರೂ ಬಿಳಿ ಪುಡಿ ತಳ ಬಿಟ್ಟು ಏಳಲಿಲ್ಲ. ಮೂರನೆಯದು ಶುದ್ಧ ನನ್ನ ದಡ್ಡತನ. ತೂತು ಕಟ್ಟಿತೆಂದು ಗುಂಡುಪಿನ್ನಿನಿಂದ ಚುಚ್ಚಿದೆ. ಮಂಜಿನಂತೆ ಬರಬೇಕಾದದ್ದು ಪಿಚಕಾರಿಯಾಗಿ ನೇರ ಗಂಟಲಿಗೆ! ಈಗ ವಾರಕ್ಕೊಮ್ಮೆ ಮೂತಿ ಕಳಚಿ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒಣಗಿಸುತ್ತೇನೆ, ಅಷ್ಟೇ.

ಕೊನೆಗೆ ಸಂತೆಯಿಂದ ದೊಡ್ಡದೊಂದು, ಸಣ್ಣದೊಂದು ಗಡಿಗೆ ತಂದೆ. ಎರಡೂ ಸೇರಿ 180 ರೂಪಾಯಿ. ಒಂದರೊಳಗೊಂದು ಇಟ್ಟು ನಡುವೆ ಒದ್ದೆ ಮರಳು, ಮೇಲೆ ಒದ್ದೆ ಗೋಣಿತಾಟು, ಒಳಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಬಾಟಲಿ ನೆಟ್ಟಗೆ. ಗಾಳಿಯಾಡುವ ನೆರಳಲ್ಲಿಟ್ಟೆ. ಮರಳಿಗೆ ನಾನು ಇನ್ನೊಂದು ಬೆರೆಸುತ್ತೇನೆ, ಅದು ಮಾತ್ರ ನಮ್ಮ ಮನೆಯ ಗುಟ್ಟು.

"ಏನ್ರೀ, ಮೂಗಿನ ಔಷಧಕ್ಕ ಮನಿ ಕಟ್ಟಾಕ ಹತ್ತೀರೇನು?" ಎಂದು ಮನೆಯವಳು ನಕ್ಕಳು. ಮೆಡಿಕಲ್ ಅಂಗಡಿಯವರಂತೂ "ಎರಡು ದಿನಕ್ಕ ಬೂಸಲು ಹಿಡೀತದ ನೋಡ್ರಿ ಅಣ್ಣಾರ" ಅಂದರು. ಹಿಡಿಯಲಿಲ್ಲ. ಥರ್ಮಾಮೀಟರ್ ಇಟ್ಟು ವಾರವಿಡೀ ನೋಡಿದೆ: ಮಧ್ಯಾಹ್ನ 3ಕ್ಕೂ 27, ಹೆಚ್ಚೆಂದರೆ 28. ಕರೆಂಟು ಹೋದರೂ ಅದಕ್ಕೇನು? ಬೆಳಿಗ್ಗೆ ಸಂಜೆ ಒಂದೊಂದು ಚೊಂಬು ನೀರು ಹಾಕಿದರಾಯಿತು.

ಇದೇ ಹುಮ್ಮಸ್ಸಿನಲ್ಲಿ ಮಂಗಳೂರಿನ ತಂಗಿಯ ಮನೆಯಲ್ಲೂ ಒಂದು ಕಟ್ಟಿಕೊಟ್ಟು ಮುಖಭಂಗವಾಯಿತು. ಅಲ್ಲಿ ಗಾಳಿಯೇ ಒದ್ದೆ, ನೀರು ಆರುವುದೆಲ್ಲಿಂದ? ಎರಡು ಡಿಗ್ರಿಯೂ ಇಳಿಯಲಿಲ್ಲ.

ಬಾಟಲಿಗೆ 120 ಸ್ಪ್ರೇ. ನನಗೆ ದಿನಕ್ಕೆ ನಾಲ್ಕು, ಅಂದರೆ ತಿಂಗಳಿಗೊಂದು. ತೆರೆದ ತಾರೀಖನ್ನು ತಳದಲ್ಲಿ ಬರೆದಿಡುತ್ತೇನೆ. ಲೆಕ್ಕ ಮುಗಿದ ಮೇಲೆ ತಳದಲ್ಲಿ ಉಳಿದದ್ದು ಕಂಡು ಜೀವ ಚುರ್ ಅಂದರೂ ಎಸೆಯುತ್ತೇನೆ; ಆಮೇಲೆ ಬರುವ ಸ್ಪ್ರೇಯಲ್ಲಿ ಔಷಧ ಎಷ್ಟಿದೆಯೋ ನಂಬಿಕೆಯಿಲ್ಲ.

ಗಡಿಗೆ ನೆಲದ ಮೇಲಿದ್ದಾಗ ಅಣ್ಣನ ಮಗ ಮುಚ್ಚಳ ತೆಗೆದು ಕೈ ಹಾಕಿದ್ದ. ಅದೇ ಡಬ್ಬಿಯಲ್ಲಿ ನೆಗಡಿಯ ಆಕ್ಸಿಮೆಟಜೋಲಿನ್ ಕೂಡ ಇತ್ತು. ಸಣ್ಣ ಮಕ್ಕಳು ಅದನ್ನು ಒಂದೆರಡು ಎಂ.ಎಲ್. ಕುಡಿದರೂ ಆಸ್ಪತ್ರೆಗೆ ಓಡಬೇಕು. ಅವತ್ತೇ ಗಡಿಗೆ ಅಟ್ಟಣಿಗೆ ಏರಿತು, ಡಬ್ಬಿಗೆ ಬೀಗ ಬಿತ್ತು.

ನಕ್ಕವಳು ಈಗ ಮಲ್ಲಿಗೆ ಮಾಲೆಯನ್ನೂ ಅದರೊಳಗೇ ಇಡುತ್ತಾಳೆ. ಎರಡು ದಿನ ಬಾಡುವುದಿಲ್ಲ, ನಿಜ. ಆದರೆ ಸ್ಪ್ರೇ ತೆಗೆಯಲು ಮುಚ್ಚಳ ಎತ್ತಿದರೆ ಆ ವಾಸನೆಗೇ ನನಗೆ ಸೀನು ಸಾಲುಗಟ್ಟುತ್ತದೆ. ಮುಂದಿನ ಸಂತೆಗೆ ಇನ್ನೊಂದು ಜೋಡಿ ಗಡಿಗೆ ತರಬೇಕು.