ಬೆಲ್ಲವೂ ಕಿತ್ತಳೆ, ಸ್ಫೋಟಕವೂ ಕಿತ್ತಳೆ: ನನ್ನ ಅನುಭವ

ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಬ್ಯಾಗುಗಳನ್ನು ಎಕ್ಸ್-ರೇಯಲ್ಲಿ ನೋಡುವ ನಮ್ಮ ಹುಡುಗರಿಗೆ, ಅಂದರೆ ಸ್ಕ್ರೀನರ್‌ಗಳಿಗೆ, ನಮ್ಮೂರಿನ ಬ್ಯಾಗು ಕಟ್ಟಿ ಪಾಠ ಮಾಡಿದ್ದಕ್ಕೆ ಕೊನೆಗೂ ಫಲ ಸಿಕ್ಕಿತು, ಅದಕ್ಕೇ ಬರೆಯುತ್ತಿದ್ದೇನೆ. "ಬೆಲ್ಲ, ತುಪ್ಪ ಇಟ್ಕೊಂಡು ಸ್ಕ್ರೀನರ್‌ಗಳನ್ನ ತಯಾರು ಮಾಡ್ತೀರಾ ಸರ್?" ಅಂತ ಕೇಳಿದವರೇ ಈಗ ನನ್ನ ಹಳೇ ಸೂಟ್‌ಕೇಸ್‌ಗಳನ್ನು ಕೇಳಿಕೊಂಡು ಬರುತ್ತಿದ್ದಾರೆ.

ಎಕ್ಸ್-ರೇ ಮುಂದೆ ಕೂತವರಿಗೆ ಬಣ್ಣದ ಪಾಠ ಬೇಡ. ಉಳಿದವರಿಗೆ ಹೇಳುವುದಾದರೆ, ಪರದೆಯಲ್ಲಿ ಸಾವಯವ ವಸ್ತುಗಳೆಲ್ಲ ಕಿತ್ತಳೆಯಾಗಿ ಕಾಣುತ್ತವೆ. ನಮ್ಮ ತಾಪತ್ರಯವೆಲ್ಲ ಆ ಕಿತ್ತಳೆಯದು. ಸ್ಫೋಟಕವೂ ಕಿತ್ತಳೆ, ಅಚ್ಚು ಬೆಲ್ಲವೂ ಕಿತ್ತಳೆ. ರಾಗಿ ಹಿಟ್ಟು, ತುಪ್ಪ, ಮೈಸೂರು ಪಾಕ್, ಕೊಬ್ಬರಿ ಎಲ್ಲವೂ ಅದೇ. ಹುಡುಗರು ಕಲಿತದ್ದು ಕಂಪ್ಯೂಟರ್ ತರಬೇತಿಯಲ್ಲಿ. ಅದರಲ್ಲಿ ಬರುವ ಬ್ಯಾಗುಗಳಲ್ಲಿ ಕೋಟು, ಬೂಟು, ಶಾಂಪೂ ಬಾಟಲಿ. ಮಗಳ ಬಾಣಂತನಕ್ಕೆ ಹೊರಟ ಅಜ್ಜಿಯ ಬ್ಯಾಗು ಒಂದೂ ಇಲ್ಲ.

ಅಂಥ ಒಬ್ಬ ಅಜ್ಜಿಯಿಂದಲೇ ಇದು ಶುರುವಾಯಿತು. ಅವರ ಬ್ಯಾಗಿನಲ್ಲಿ ಬೆಲ್ಲದ ಅಚ್ಚುಗಳ ಪಕ್ಕ ಒಂದು ಹಳೇ ರೇಡಿಯೋ. ತೆರೆಸಿದೆವು. ಅಂಟಿನ ಉಂಡೆಯ ಡಬ್ಬಿ ಕೂಡ ಬಿಚ್ಚಿಸಿದೆವು. ಅಜ್ಜಿ ಒಂದೊಂದೇ ಉಂಡೆಯನ್ನು ಮತ್ತೆ ಕಾಗದದಲ್ಲಿ ಸುತ್ತುತ್ತಾ, "ಬಾಣಂತಿಗೆ ಅಂತ ಮಾಡಿದ್ದು ಕಣಪ್ಪ" ಅಂದರು. ಅವರ ಕೈ ನಡುಗುತ್ತಿತ್ತು. ಪರದೆ ನೋಡಿ ಬ್ಯಾಗು ನಿಲ್ಲಿಸಿದ ಹುಡುಗನದು ತಪ್ಪಲ್ಲ. 1988ರಲ್ಲಿ ಸ್ಕಾಟ್ಲೆಂಡಿನ ಲಾಕರ್‌ಬಿ ಮೇಲೆ ಪ್ಯಾನ್ ಆಮ್ ವಿಮಾನ ಸಿಡಿದದ್ದು ರೇಡಿಯೋ ಕ್ಯಾಸೆಟ್ ಪ್ಲೇಯರ್‌ನಲ್ಲಿ ಇಟ್ಟ ಬಾಂಬಿನಿಂದ, 270 ಜನ ಸತ್ತರು. ಸರ್ಕ್ಯೂಟಿನ ಪಕ್ಕ ದಟ್ಟ ಕಿತ್ತಳೆ ಕಂಡರೆ ನಿಲ್ಲಿಸು ಅಂತ ನಾವೇ ಕಲಿಸಿದ್ದು. ಆದರೆ ಎಲ್ಲದಕ್ಕೂ ನಿಲ್ಲಿಸಿದರೆ ಕಣ್ಣು ಮೊಂಡಾಗುತ್ತದೆ. ನಿಜವಾದದ್ದು ಬಂದ ದಿನ ಅದೂ ಬೆಲ್ಲವೇ ಅನ್ನಿಸುತ್ತದೆ. ನನಗಿದ್ದ ಭಯ ಅದು.

ನಾನು ಸೇರಿದ ಕಾಲದಲ್ಲಿ ವಿಮಾನದ ಪಕ್ಕ ಬ್ಯಾಗುಗಳನ್ನು ಸಾಲಾಗಿ ಇಡುತ್ತಿದ್ದೆವು. ಪ್ರಯಾಣಿಕರು ಬಿಸಿಲಲ್ಲಿ ನಿಂತು ತಮ್ಮದನ್ನು ಬೆರಳು ಮಾಡಿ ತೋರಿಸಿದ ಮೇಲೇ ಲೋಡಿಂಗ್. ಯಾಕೆ ಅಂತ ಹೊಸಬರಿಗೆ ಗೊತ್ತಿರಲ್ಲ, ನಾನು ಹೇಳದೆ ಬಿಡಲ್ಲ. 1985ರ ಜೂನ್ 23ರಂದು ಏರ್ ಇಂಡಿಯಾ ಕನಿಷ್ಕದಲ್ಲಿ 329 ಜನ ಹೋದರು. ಬ್ಯಾಗು ಹತ್ತಿತ್ತು, ಅದನ್ನು ಚೆಕ್-ಇನ್ ಮಾಡಿದವನು ಹತ್ತಿರಲಿಲ್ಲ. ಟೊರಾಂಟೊದಲ್ಲಿ ಎಕ್ಸ್-ರೇ ಮಷೀನು ನಡುವೆಯೇ ಕೆಟ್ಟು, ಉಳಿದ ಬ್ಯಾಗುಗಳನ್ನು ಕೈಯಲ್ಲಿ ಹಿಡಿಯುವ ಉಪಕರಣದಲ್ಲಿ ನೋಡಿ ಕಳಿಸಿದ್ದರು. 2001ರ ಬೂಟು ಬಾಂಬು, 2006ರ ನಂತರದ 100 ಮಿಲಿ ದ್ರವದ ನಿಯಮ ಇವೆಲ್ಲ ಕೈಚೀಲದ ಕಡೆಯವು. ಅದು ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್‌ನವರ ಕೆಲಸ, ನಾನು ಮಾತಾಡಲ್ಲ.

ನಾನು ಮಾಡಿದ್ದು ಇಷ್ಟೇ. ನಮ್ಮೂರಿನ ಬ್ಯಾಗುಗಳನ್ನು ನಾನೇ ಕಟ್ಟಿ, ವಿಮಾನ ಇಲ್ಲದ ಹೊತ್ತಲ್ಲಿ ಬೆಲ್ಟಿಗೆ ಹಾಕಿ, ಹುಡುಗರಿಗೆ ತೋರಿಸಿದೆ. ಆಫೀಸಿನಲ್ಲಿ ದುಡ್ಡು ಕೇಳಿದೆ. ಕೊಡಲಿಲ್ಲ. ಗುಜರಿಯಲ್ಲಿ 14 ಸೂಟ್‌ಕೇಸ್ ತಂದೆ, ಒಂದಕ್ಕೆ 250 ರೂಪಾಯಿ ಹತ್ತಿರ ಬಿತ್ತು. ಸಾಮಾನಿಗೆ ತಿಂಗಳಿಗೆ ಎರಡು ಸಾವಿರ. ನಾಲ್ಕು ತಿಂಗಳಲ್ಲಿ 11-12 ಸಾವಿರ ನನ್ನ ಜೇಬಿಂದಲೇ ಹೋಯಿತು. ಮನೆಯಲ್ಲಿ ಮಾತು ಕೇಳಬೇಕಾಯಿತು.

ಮೊದಲ ತಿಂಗಳು ಪೂರ್ತಿ ಹಾಳು. ತುಪ್ಪ ಸೋರಿತು, ಬೆಲ್ಲಕ್ಕೆ ಇರುವೆ ಮುತ್ತಿತು, ಹೋಳಿಗೆಗೆ ಬೂಸ್ಟು ಬಂತು. ಅಷ್ಟಾದರೂ ಎರಡನೇ ತಿಂಗಳು ಎಲ್ಲರೂ ಫಟಾಫಟ್ ಸರಿಯಾಗಿ ಹೇಳತೊಡಗಿದರು. ನಾನು ಹಿಗ್ಗಿದೆ. ಆಮೇಲೆ ಗೊತ್ತಾಯಿತು, ಅವರು ಒಳಗಿನ ಸಾಮಾನು ನೋಡುತ್ತಲೇ ಇರಲಿಲ್ಲ. ಮುರಿದ ಚಕ್ರ, ಬಗ್ಗಿದ ಹಿಡಿ ನೋಡಿ ಸೂಟ್‌ಕೇಸನ್ನೇ ಗುರುತು ಹಿಡಿಯುತ್ತಿದ್ದರು! ಅವತ್ತಿಂದ ದಿನಾ ರಾತ್ರಿ ಒಳಗಿನ ಸಾಮಾನು ಅದಲುಬದಲು. ಒಮ್ಮೆ ನಿಲ್ಲಿಸಿ, ಒಮ್ಮೆ ಅಡ್ಡ ಮಲಗಿಸಿ ಬೆಲ್ಟಿಗೆ ಹಾಕಿದೆ. ಅಲ್ಲಿಂದ ದಾರಿ ಸಿಕ್ಕಿತು. ಬೆಲ್ಲದ ಅಚ್ಚಿನ ಅಂಚು ಹೇಗೆ ಮಾಸುತ್ತದೆ, ಹಿಟ್ಟಿನ ಪೊಟ್ಟಣ ಬಟ್ಟೆಯ ಒತ್ತಡಕ್ಕೆ ಹೇಗೆ ಸೊಟ್ಟಗಾಗುತ್ತದೆ ಅಂತ ಅವರ ಕಣ್ಣಿಗೆ ಕೂತಿತು. ನಡುನಡುವೆ ಅಧಿಕೃತ ಟೆಸ್ಟ್ ಪೀಸ್, ಅಂದರೆ ಪರೀಕ್ಷೆಗೆಂದೇ ಇರುವ ನಕಲಿ ಅಪಾಯದ ವಸ್ತು, ಸೇರಿಸುತ್ತಿದ್ದೆ. ಎಲ್ಲಿ, ಹೇಗೆ ಅಂತ ಬರೆಯುವ ಹಾಗಿಲ್ಲ.

ಹಾಗೇ ಸುಮ್ನೆ ಇನ್ನೊಂದು ನೋಡಿದೆ. ಬ್ಯಾಗು, ಕೈ ಒರೆಸಿ ಸ್ಫೋಟಕದ ಕಣ ಹುಡುಕುವ ಸ್ವಾಬ್ ಮಷೀನು ಸುಳ್ಳು ಅಲಾರಂ ಕೊಟ್ಟಾಗಲೆಲ್ಲ ಕಾರಣ ಬರೆದಿಟ್ಟೆ. ಗೊಬ್ಬರ ಮುಟ್ಟಿದ ಕೈ, ಗ್ಲಿಸರಿನ್ ಇರುವ ಕ್ರೀಮು, ಇವೇ ಜಾಸ್ತಿ. ಒಂದು ಪುಸ್ತಕ ತುಂಬಿತು. ಅದರಿಂದ ಏನು ಮಾಡಬೇಕು ಅಂತ ಇನ್ನೂ ತಿಳಿದಿಲ್ಲ.

ಮೊದಲು ನೂರಕ್ಕೆ 18-20 ಬ್ಯಾಗು ತೆರೆಸುತ್ತಿದ್ದೆವು, ಈಗ ಏಳೆಂಟು. ಟೆಸ್ಟ್ ಪೀಸ್ ಹಿಡಿಯುವ ಲೆಕ್ಕವೂ ಏರಿದೆ, ಅಂಕಿ ಹೇಳಲ್ಲ. ಚೆಕ್-ಇನ್‌ನಲ್ಲಿ ಒಯ್ಯಬಾರದ ಕೊಬ್ಬರಿ ಗಿಟುಕು, ಪವರ್ ಬ್ಯಾಂಕು ಈಗ ತಪ್ಪಿಸಿಕೊಳ್ಳುವುದು ಅಪರೂಪ. ಇದನ್ನು ಮಾಡಿ ತೋರಿಸಿದ್ದು ನಮ್ಮ ಪುಟ್ಟ ಶಿಫ್ಟು, ಆ ಹೆಮ್ಮೆ ನನಗಿದೆ.

ಮೊನ್ನೆ ಪಕ್ಕದ ಶಿಫ್ಟಿನವರು ಬಂದು ಸೂಟ್‌ಕೇಸ್ ಕೇಳಿದರು. 12 ಕೊಟ್ಟೆ. ಎರಡು ನನ್ನ ಹತ್ತಿರವೇ ಇವೆ. ಅವುಗಳ ಒಳಗಿನ ಜೋಡಣೆಯನ್ನು ಈವರೆಗೆ ಒಬ್ಬ ಹುಡುಗಿ ಮಾತ್ರ ಸರಿಯಾಗಿ ಹೇಳಿದ್ದಾಳೆ.