ಕಪ್‌ಗೆ ಎಷ್ಟು ಗ್ರಾಂ ಕ್ರೀಮ್ ಚೀಸ್?

ನನ್ನ ಮೊದಲ ಚೀಸ್‌ಕೇಕ್ ನಡುವೆ ಪಾಯಸದಂತೆ ಅಲುಗಾಡಿತ್ತು. ತಪ್ಪು ಓವನ್ನಿನದಲ್ಲ, ನನ್ನದೇ. ಫ್ರಿಜ್‌ನಿಂದ ತೆಗೆದ ಗಟ್ಟಿ ಚೀಸನ್ನು ಹಾಗೇ ಕಪ್‌ಗೆ ತುರುಕಿದ್ದೆ. ಒಳಗೆಲ್ಲ ಗಾಳಿ, ಚೀಸ್ ಕಮ್ಮಿ.

ಅಮೆರಿಕದ ಪಾಕವಿಧಾನಗಳಲ್ಲಿ ಬರುವ 'ಒಂದು ಬ್ಲಾಕ್' ಅಂದರೆ 8 ಔನ್ಸ್, ಅಂದರೆ 227 ಗ್ರಾಂ. ಅದು ಹೆಚ್ಚುಕಮ್ಮಿ ಸರಿಯಾಗಿ ಒಂದು ಕಪ್. ಅರ್ಧ ಕಪ್‌ಗೆ 113 ಗ್ರಾಂ, ಕಾಲು ಕಪ್‌ಗೆ 57, ಒಂದು ಟೇಬಲ್ ಚಮಚಕ್ಕೆ 14. ಇಷ್ಟನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡಿದ್ದೇನೆ.

ನಮ್ಮಲ್ಲಿ 180 ಗ್ರಾಂ ಡಬ್ಬಿ ಸಿಕ್ಕರೆ? ಮುಕ್ಕಾಲು ಕಪ್, ಮೇಲೆ ಎರಡು ಟೀ ಚಮಚ. ಒಂದು ಬ್ಲಾಕ್ ಬೇಕಿದ್ದ ಕಡೆ ಇದೊಂದೇ ಡಬ್ಬಿ ಸುರಿದರೆ 47 ಗ್ರಾಂ ಕೊರತೆ. ಕ್ಯಾರೆಟ್ ಕೇಕಿನ ಫ್ರಾಸ್ಟಿಂಗ್ ಆದರೆ ಸಕ್ಕರೆ, ಬೆಣ್ಣೆಯನ್ನೂ ಅದೇ ಪ್ರಮಾಣದಲ್ಲಿ ಇಳಿಸಿ; ಚೀಸ್‌ಕೇಕ್‌ಗೆ ಇನ್ನೊಂದು ಡಬ್ಬಿ ಒಡೆಯಿರಿ, ಜಿಪುಣತನ ಬೇಡ.

ಕಪ್‌ನಲ್ಲೇ ಅಳೆಯುವುದಾದರೆ ಚೀಸನ್ನು ಮೊದಲು ಅರ್ಧ ಗಂಟೆ ಹೊರಗಿಡಿ. ಮೆತ್ತಗಾದ ಮೇಲೆ ಚಮಚದಿಂದ ಒತ್ತಿ ತುಂಬಿ, ಚಾಕುವಿನ ಬೆನ್ನಿನಿಂದ ಸಮ ಮಾಡಿ. ಕಾಫಿ ಲೋಟ ಕಪ್ ಅಲ್ಲ; ಅಳತೆಯ ಕಪ್ 240 ಎಂಎಲ್‌ನದೇ ಆಗಿರಲಿ. ಗಾಳಿ ತುಂಬಿ ನೊರೆಯಂತೆ ಮಾಡಿದ 'ವಿಪ್ಡ್' ಚೀಸ್‌ಗೆ ಈ ಲೆಕ್ಕ ಹೊಂದುವುದಿಲ್ಲ, ಅದನ್ನು ತಕ್ಕಡಿಯಲ್ಲೇ ತೂಗಿ.