ಡಿಸೆಂಬರಿನ ಹೂವಿಗೆ ಜುಲೈಯಲ್ಲಿ ನೀರು

ಸಿಯಾಟಲ್‌ನಲ್ಲಿ ಡಿಸೆಂಬರ್ ತಿಂಗಳ ಸೂರ್ಯ ಮೂಡುವುದು ಎಂಟು ಗಂಟೆಯ ಹೊತ್ತಿಗೆ. ಸಂಜೆ ನಾಲ್ಕೂಕಾಲು ದಾಟಿದರೆ ಮತ್ತೆ ಕತ್ತಲೆ. ನಡುವಿನ ಹೊತ್ತೆಲ್ಲ ಜಿನುಗು ಮಳೆ. ಧನುರ್ಮಾಸದ ಪೂಜೆಗೆ ಹೆಸರುಬೇಳೆ, ಮೆಣಸು, ತುಪ್ಪ ಎಲ್ಲವೂ ಇಲ್ಲಿ ಸಿಗುತ್ತವೆ, ಹುಗ್ಗಿಗೆ ಕೊರತೆಯಿಲ್ಲ. ಇಲ್ಲದಿರುವುದು ಮನೆಯಂಗಳದಲ್ಲಿ ಅರಳಿದ ಹೂವು. ಆ ಕೊರತೆಯನ್ನು ನಮ್ಮ ಹಿತ್ತಲಿನ ಕ್ಯಾಮೆಲಿಯ ಗಿಡ ನೀಗಿಸಿದೆ. ಉಳಿದ ಗಿಡಗಳೆಲ್ಲ ಬೋಳಾಗಿ ನಿಂತಿರುವಾಗ ಅದು ಕಡುಹಸಿರು ಎಲೆಗಳ ನಡುವೆ ಕೆಂಪು ಹೂ ಬಿಟ್ಟುಕೊಂಡು ನಿಂತಿರುತ್ತದೆ. ಇಲ್ಲಿ ಹೊಸದಾಗಿ ಮನೆ ಮಾಡಿದವರೆಲ್ಲ ಇದನ್ನು ನೆಡಬೇಕು ಎಂಬುದು ನನ್ನ ಆಸೆ.

ಕ್ಯಾಮೆಲಿಯ ನಮಗೆ ತೀರ ಅಪರಿಚಿತವೇನಲ್ಲ. ಚಹಾ ಗಿಡವೂ ಇದೇ ಕುಲದ್ದು. ಚಿಕ್ಕಮಗಳೂರು ಅಥವಾ ಕೊಡಗಿನ ಕಡೆಯ ಚಹಾ ತೋಟದಲ್ಲಿ ಕತ್ತರಿ ಬೀಳದೆ ಉಳಿದ ಗಿಡದ ಪುಟ್ಟ ಬಿಳಿ ಹೂವನ್ನು, ಅದರ ಒಡಲಿನ ಹಳದಿ ಕೇಸರಗಳ ಗೊಂಚಲನ್ನು ನೋಡಿದವರು ಕ್ಯಾಮೆಲಿಯವನ್ನು ಕಂಡ ಕೂಡಲೇ ನೆಂಟಸ್ತಿಕೆ ಗುರುತಿಸುತ್ತಾರೆ. ಬೇಸಾಯವೂ ಹಾಗೆಯೇ. ಚಹಾ ಬೆಳೆಯುವುದು ಇಳಿಜಾರಿನಲ್ಲಿ: ಮಳೆ ಬೇಕು, ನಿಂತ ನೀರು ಬೇಡ, ಮಣ್ಣು ಹುಳಿಯಾಗಿರಬೇಕು. ಇಷ್ಟು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಯಾವ ಗಿಡ?

ನರ್ಸರಿಗೆ ಹೋಗಿ ಬರಿಯ ‘ಕ್ಯಾಮೆಲಿಯ’ ಎಂದು ಕೇಳಿದರೆ ಹೆಚ್ಚಾಗಿ ಸಿಗುವುದು ಜಪೋನಿಕ. ಅದರ ಹೂವು ದೊಡ್ಡದು, ಚೆಲುವಾದದ್ದು, ಆದರೆ ಇಲ್ಲಿ ಅರಳುವುದು ಬಹುಮಟ್ಟಿಗೆ ಚಳಿ ಇಳಿಯತೊಡಗಿದ ಮೇಲೆ. ಚಳಿಗಾಲದ ನಡುವೆಯೇ ಹೂವು ಬೇಕೆಂದರೆ ಸಸಾಂಕ್ವ ಜಾತಿಯನ್ನು ಹೆಸರು ಹಿಡಿದು ಕೇಳಿ. ಜಪಾನಿನಲ್ಲಿ ಇದನ್ನು ಸಝಂಕ ಎನ್ನುತ್ತಾರೆ. ‘ಯೂಲ್‌ಟೈಡ್’ ತಳಿ ಕ್ರಿಸ್‌ಮಸ್ ಹೊತ್ತಿಗೆ ಒಂಟಿ ಸುತ್ತಿನ ಕೆಂಪು ಹೂ ಬಿಡುತ್ತದೆ, ನಡುವೆ ದಟ್ಟ ಹಳದಿ ಕೇಸರ. ಬಿಳಿ ಬೇಕಾದರೆ ‘ಸೆತ್ಸುಗೆಕ್ಕ’. ಹಿಮ, ಚಂದ್ರ, ಹೂವು ಎಂದು ಆ ಹೆಸರಿನ ಅರ್ಥ. ಕೊಳ್ಳುವ ಮೊದಲು ಡಿಸೆಂಬರಿನ ಒಂದು ಭಾನುವಾರ ಸಿಯಾಟಲ್‌ನದೇ ಆದ ವಾಷಿಂಗ್ಟನ್ ಪಾರ್ಕ್ ಆರ್ಬೊರೇಟಂ ಎಂಬ ಸಸ್ಯೋದ್ಯಾನದ ವಿಟ್ ಚಳಿಗಾಲದ ತೋಟಕ್ಕೆ ಹೋಗಿ ಬನ್ನಿ, ಪ್ರವೇಶ ಉಚಿತ. ಬೆಳೆದ ಗಿಡ ಎಷ್ಟು ಜಾಗ ಹಿಡಿಯುತ್ತದೆ ಎಂಬುದು ಕುಂಡದ ಚೀಟಿ ಓದಿದರೆ ಗೊತ್ತಾಗುವುದಿಲ್ಲ, ಕಣ್ಣಾರೆ ನೋಡಬೇಕು.

ಎಲ್ಲಿ, ಹೇಗೆ ನೆಡುವುದು?

ಬೇರೆ ಊರುಗಳಲ್ಲಿ ಕ್ಯಾಮೆಲಿಯಕ್ಕೆ ನೆರಳು ಬೇಕೆನ್ನುತ್ತಾರೆ. ಸಿಯಾಟಲ್‌ನ ಬಿಸಿಲು ಮೃದು. ಸಸಾಂಕ್ವಕ್ಕೆ ದಿನಕ್ಕೆ ನಾಲ್ಕಾರು ಗಂಟೆ ಬಿಸಿಲು ಬಿದ್ದರೇ ಇಲ್ಲಿ ಚೆನ್ನಾಗಿ ಮೊಗ್ಗು ಕಟ್ಟುತ್ತದೆ. ಒಂದು ಎಚ್ಚರಿಕೆ: ರಾತ್ರಿ ಹೆಪ್ಪುಗಟ್ಟಿದ ಮೊಗ್ಗಿನ ಮೇಲೆ ಮುಂಜಾನೆಯ ಬಿಸಿಲು ನೇರವಾಗಿ ಬಿದ್ದರೆ ಅದು ಥಟ್ಟನೆ ಕರಗಿ ಕಂದಾಗುತ್ತದೆ. ಆದ್ದರಿಂದ ಪೂರ್ವಕ್ಕೆ ತೆರೆದ ಜಾಗಕ್ಕಿಂತ ಪಶ್ಚಿಮದ ಗೋಡೆಯ ಬದಿ ಮೇಲು. ಗೋಡೆಗೆ ತೀರ ಅಂಟಿಸಿಯೂ ನೆಡಬೇಡಿ. ಕಾಂಕ್ರೀಟಿನ ಸುಣ್ಣ ಮಣ್ಣಿಗಿಳಿದು ಹುಳಿಯನ್ನು ಕೊಲ್ಲುತ್ತದೆ, ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಮಣ್ಣಿನ ರಸಸಾರ, ಅಂದರೆ ಹುಳಿಯ ಅಳತೆ (pH), 5.5ರಿಂದ 6.5ರ ನಡುವೆ ಇದ್ದರೆ ಸಾಕು. ಇಲ್ಲಿನ ಮಣ್ಣು ಸಾಮಾನ್ಯವಾಗಿ ಹುಳಿಯೇ.

ನೆಡಲು ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ಕಾಲ ಒಳ್ಳೆಯದು. ಬೇರು ಹಿಡಿಸುವ ಕೆಲಸವನ್ನು ಮಳೆಯೇ ಮಾಡುತ್ತದೆ. ಗುಂಡಿ ಅಗಲವಾಗಿರಲಿ, ಬೇರಿನ ಮಣ್ಣುಂಡೆಯ ಎರಡರಷ್ಟು. ಆಳ ಮಾತ್ರ ಅದರ ಎತ್ತರಕ್ಕಿಂತ ಒಂದು ಅಂಗುಲ ಕಡಿಮೆ ಇರಬೇಕು. ಗಿಡ ನೆಟ್ಟ ಮೇಲೆ ಉಂಡೆಯ ನೆತ್ತಿ ಸುತ್ತಲಿನ ನೆಲಕ್ಕಿಂತ ತುಸು ಮೇಲೇ ಕಾಣಬೇಕು. ಈ ಒಂದು ಮಾತನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ನನ್ನ ಮೊದಲ ಗಿಡವನ್ನು ಕಳೆದುಕೊಂಡದ್ದು ಇಲ್ಲಿಯೇ. ತೆಂಗಿನ ಸಸಿ ಇಡುವುದನ್ನು ನೋಡಿ ಬೆಳೆದ ಕೈ, ಗುಂಡಿಯನ್ನು ಆಳವಾಗಿಯೇ ತೋಡಿತು. ಚಳಿಗಾಲವಿಡೀ ಬುಡದಲ್ಲಿ ನೀರು ನಿಂತು, ಏಪ್ರಿಲ್ ಹೊತ್ತಿಗೆ ಬೇರು ಕೊಳೆತು ಎಲೆಗಳೆಲ್ಲ ಜೋತುಬಿದ್ದವು. ಈಗಿರುವ ಗಿಡ ಸಣ್ಣ ದಿಬ್ಬದ ಮೇಲಿದೆ.

ಕುಂಡದಲ್ಲಿ ಬೇರು ಸುರುಳಿ ಸುತ್ತಿದ್ದರೆ ಬಿಡಿಸಿ ನೆಡಿ. ಮೇಲೆ ಎರಡು ಮೂರು ಅಂಗುಲ ಮರದ ತೊಗಟೆಯ ಚೂರು ಹರಡಿ, ಕಾಂಡಕ್ಕೆ ತಾಗದಂತೆ.

ನಿಜವಾದ ಕೆಲಸ ಬೇಸಿಗೆಯಲ್ಲಿ

ಸಿಯಾಟಲ್ ಎಂದರೆ ಮಳೆಯೂರು ಎಂದು ನಂಬಿದವರು ತಪ್ಪುವುದು ಇಲ್ಲಿ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಇಲ್ಲಿ ವಾರಗಟ್ಟಲೆ ಹನಿ ಬೀಳುವುದಿಲ್ಲ. ನಮ್ಮ ಊರಲ್ಲಿ ಮಳೆ ಧೋ ಎಂದು ಸುರಿಯುವ ಅದೇ ದಿನಗಳಲ್ಲಿ ಇಲ್ಲಿನ ಹುಲ್ಲು ಒಣಗಿ ಕಂದಾಗಿರುತ್ತದೆ. ಕ್ಯಾಮೆಲಿಯ ಮುಂದಿನ ಚಳಿಗಾಲದ ಮೊಗ್ಗುಗಳನ್ನು ಕಟ್ಟಿಕೊಳ್ಳುವುದು ಆಗಲೇ. ಆಗ ಬಾಯಾರಿದ ಗಿಡ ತಕ್ಷಣ ಏನನ್ನೂ ತೋರಿಸುವುದಿಲ್ಲ, ಎಲೆ ದಪ್ಪನಾದದ್ದು, ಬೇಗ ಬಾಡುವುದಿಲ್ಲ. ನಾಲ್ಕು ತಿಂಗಳ ಬಳಿಕ ಮೊಗ್ಗುಗಳು ಅರಳದೆ ಒಂದೊಂದೇ ಉದುರುತ್ತವೆ. ಚಳಿ ಹೆಚ್ಚಾಯಿತು ಎಂದು ನಾವು ಅಂದುಕೊಳ್ಳುತ್ತೇವೆ.

ಮೊದಲ ಎರಡು ಮೂರು ಬೇಸಿಗೆಗಳಲ್ಲಿ ವಾರಕ್ಕೊಮ್ಮೆಯಾದರೂ ಬುಡಕ್ಕೆ ನಿಧಾನವಾಗಿ, ಆಳಕ್ಕಿಳಿಯುವಂತೆ ನೀರು ಬಿಡಿ. ದಿನವೂ ಮೇಲೆ ಚಿಮುಕಿಸಿದರೆ ಪ್ರಯೋಜನವಿಲ್ಲ. ತೊಗಟೆ ಸರಿಸಿ ಬೆರಳು ಇಟ್ಟು ನೋಡಿ, ಎರಡು ಅಂಗುಲ ಕೆಳಗೂ ಒಣಗಿದ್ದರೆ ನೀರಿಗೆ ಹೊತ್ತಾಗಿದೆ. ಊರಿಗೆ ಬೇಸಿಗೆ ರಜೆಯಲ್ಲಿ ಹೋಗುವವರು ಪಕ್ಕದ ಮನೆಯವರಿಗೆ ಹೇಳಿ ಹೋಗಿ, ಇಲ್ಲವೇ ಟೈಮರ್ ಇಟ್ಟು ಹನಿ ನೀರಾವರಿಯ ಕೊಳವೆ ಹಾಕಿಸಿ.

ಗೊಬ್ಬರಕ್ಕೆ ಆತುರ ಬೇಡ. ಹೂವು ಮುಗಿದ ಮೇಲೆ, ವಸಂತದಲ್ಲಿ, ಹುಳಿಮಣ್ಣನ್ನೇ ಬಯಸುವ ರೋಡೊಡೆಂಡ್ರಾನ್ ಹೂಗಿಡಕ್ಕೆ ಹಾಕುವ ಗೊಬ್ಬರವನ್ನೇ ಮಿತವಾಗಿ ಹಾಕಿದರೆ ಸಾಕು. ಬೇಸಿಗೆಯ ಕೊನೆಗೆ ಹಾಕಿದರೆ ಎಳೆ ಚಿಗುರು ಬಂದು ಚಳಿಗೆ ಸುಟ್ಟುಹೋಗುತ್ತದೆ. ಸವರುವುದೂ ಹೂವು ಮುಗಿದ ಕೂಡಲೇ. ಆಗಸ್ಟಿನಲ್ಲಿ ಕತ್ತರಿ ಹಿಡಿದರೆ ಡಿಸೆಂಬರಿನ ಹೂವನ್ನೇ ಕತ್ತರಿಸಿ ಹಾಕಿದಂತೆ.

ರೋಗಗಳು ಹೆಚ್ಚಿಲ್ಲ. ಎಲೆಯ ಮೇಲೆ ಕಾಡಿಗೆಯಂತಹ ಬೂಷ್ಟು ಕಂಡರೆ ಎಲೆ ಮಗುಚಿ ನೋಡಿ, ಹಿಂಬದಿಯಲ್ಲಿ ಶಲ್ಕ ಕೀಟಗಳು ಬಿಳಿ ಹತ್ತಿಯಂತೆ ಅಂಟಿಕೊಂಡಿರಬಹುದು. ತೋಟಗಾರಿಕೆಯ ಎಣ್ಣೆಯನ್ನು ಹಿಂಬದಿಗೆ ತಾಗುವಂತೆ ಸಿಂಪಡಿಸಿ. ವಸಂತದಲ್ಲಿ ಅರಳುವ ಜಪೋನಿಕಗಳಿಗೆ ಎಸಳು ಕಂದುವ ಶಿಲೀಂಧ್ರ ರೋಗ ಬರುತ್ತದೆ. ಬಿದ್ದ ಹೂವನ್ನು ಆಗಾಗ ಆರಿಸಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಮಾತ್ರ ಬೇಡ. ಸಸಾಂಕ್ವ ಬೇಗ ಅರಳಿ ಮುಗಿಯುವುದರಿಂದ ಸಾಮಾನ್ಯವಾಗಿ ತಪ್ಪಿಸಿಕೊಳ್ಳುತ್ತದೆ.

ಅಂಗಳವಿಲ್ಲದವರು ದೊಡ್ಡ ಕುಂಡದಲ್ಲಿ ಬಾಲ್ಕನಿಯಲ್ಲೂ ಬೆಳೆಸಬಹುದು. ಕುಂಡದ ಬೇರಿಗೆ ಚಳಿ ಸುತ್ತಲಿಂದಲೂ ತಾಗುತ್ತದೆ, ಹೆಪ್ಪುಗಟ್ಟುವ ರಾತ್ರಿಗಳಲ್ಲಿ ಗೋಡೆಗೆ ಒತ್ತಿಟ್ಟು ಗೋಣಿತಟ್ಟು ಸುತ್ತಿ.

ಪೂಜೆಗೆ ಕೊಯ್ಯುವಾಗ

ಜಪೋನಿಕದ ಹೂವು ಇಡಿಯಾಗಿ ಉದುರುತ್ತದೆ. ಸಸಾಂಕ್ವ ಎಸಳು ಎಸಳಾಗಿ ಚದುರುತ್ತದೆ. ಪೂರ್ತಿ ಅರಳಿದ್ದನ್ನು ಕೊಯ್ದರೆ ದೇವರ ಮನೆ ತಲುಪುವಷ್ಟರಲ್ಲಿ ಕೈಯಲ್ಲಿ ತೊಟ್ಟು ಮಾತ್ರ ಉಳಿಯಬಹುದು. ಹಿಂದಿನ ಸಂಜೆಯೇ, ಬೆಳಕಿರುವಾಗ, ಆಗಷ್ಟೇ ಬಿರಿಯತೊಡಗಿದ ಮೊಗ್ಗನ್ನು ಎರಡು ಎಲೆಗಳ ಸಮೇತ ಕತ್ತರಿಸಿ ನೀರಿನ ಬಟ್ಟಲಲ್ಲಿ ತೇಲಿಬಿಡಿ. ಮುಂಜಾನೆ ಹುಗ್ಗಿ ಬೇಯುವ ಹೊತ್ತಿಗೆ ಮನೆಯ ಬಿಸುಪಿಗೆ ಅರಳಿರುತ್ತದೆ. ಒಂದಿಷ್ಟು ಹೂವನ್ನು ಗಿಡದಲ್ಲೇ ಬಿಡಿ. ಅನ್ನಾಸ್ ಹಮ್ಮಿಂಗ್‌ಬರ್ಡ್ ಎಂಬ ಪುಟ್ಟ ಹಕ್ಕಿ ಚಳಿಗಾಲದಲ್ಲೂ ಸಿಯಾಟಲ್ ಬಿಟ್ಟು ಹೋಗುವುದಿಲ್ಲ. ಮಳೆ ನಿಂತ ಗಳಿಗೆಯಲ್ಲಿ ಅದು ಈ ಕೆಂಪು ಹೂವುಗಳನ್ನೇ ಹುಡುಕಿಕೊಂಡು ಬರುತ್ತದೆ.